ಮಾಡಿನ ವಯಸ್ಸು

ಮನೆಯ ಮಾಡು ಎಷ್ಟು ವರ್ಷ ಬಾಳುತ್ತದೆ ಎಂದು ನಮ್ಮ ತೀರ್ಥಹಳ್ಳಿ ಕಡೆ ಕೇಳಿದರೆ, ‘ಎಂಥದ್ದರ ಮಾಡು ಮಾರಾಯ್ರೇ?’ ಎಂಬ ಮರುಪ್ರಶ್ನೆ ಬರುತ್ತದೆ. ಅಡಿಕೆ ಸೋಗೆಯದಾದರೆ ಒಂದು ಮಳೆಗಾಲ. ಹೊದಿಸಿದವರ ಕೈ ಚೆನ್ನಾಗಿದ್ದರೆ ಎರಡು. ತಾರಸಿಯಾದರೆ ಕಂಟ್ರಾಕ್ಟರ್ ಬಾಯಲ್ಲಿ ನೂರು ವರ್ಷ. ಆದರೆ ಸೂರ್ಯನನ್ನೇ ಮರೆಸುವ ಈ ಮಳೆಗೆ ಅದೂ ಜಿನುಗಿ, ಕೊನೆಗೆ ಅದರ ಮೇಲೊಂದು ಶೀಟು ಏರುತ್ತದೆ. ಮನೆಗೆ ಟೋಪಿ ಬೀಳುವ ಹೊತ್ತಿಗೆ ಕಟ್ಟಿಸಿದವನಿಗೂ ಬಿದ್ದಿರುತ್ತದೆ.

ಮಂಗಳೂರು ಹಂಚಿನ ಲೆಕ್ಕವೇ ಬೇರೆ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಹೂಡಿದರು. ಅವರ ಹಂಚುಗಳ ಅಡಿಮೈಯಲ್ಲಿ ಹೆಸರಿನ ಜೊತೆ ಆ ಇಸವಿಯನ್ನೂ ಒತ್ತಿದ್ದುಂಟು. ಅದು ಕಾರ್ಖಾನೆ ಹುಟ್ಟಿದ ವರ್ಷ. ನಮ್ಮ ದೊಡ್ಡಪ್ಪ ಅದನ್ನು ತಮ್ಮ ಹಂಚಿನ ಜನ್ಮವರ್ಷವೆಂದೇ ನಂಬಿದ್ದರು. ಬಂದ ನೆಂಟರನ್ನು ಕಾಫಿಗೂ ಮೊದಲೇ ಅಟ್ಟ ಹತ್ತಿಸಿ, ಬ್ಯಾಟರಿ ಬಿಟ್ಟು ತೋರಿಸುತ್ತಿದ್ದರು. ‘ಸೋಗೆ ಇಳಿಸಿ ಹಂಚು ಹೊದಿಸಿದ್ದು ನಾನು ಈ ಮನೆಗೆ ಬಂದಮೇಲೆ. ಅದೂ ಯಾರದೋ ಮನೆಯಿಂದ ಇಳಿಸಿದ್ದು’ ಎಂದು ದೊಡ್ಡಮ್ಮ ಅಡುಗೆಮನೆಯಿಂದಲೇ ತಿದ್ದುಪಡಿ ಹೊರಡಿಸುತ್ತಿದ್ದರು.

ಚೆನ್ನಾಗಿ ಬೆಂದ ಹಂಚಿಗೆ ಅಷ್ಟು ಸುಲಭವಾಗಿ ಮುಪ್ಪು ಬರುವುದಿಲ್ಲ. ಬರುವುದು ಅದನ್ನು ಹೊತ್ತ ರೀಪಿಗೆ. ಮೊದಲು ಒಂದೇ ಒಂದು ಹಂಚು ಒಡೆಯುತ್ತದೆ. ಹಿಂದೆ ತೆಂಗಿನಕಾಯಿ ಬೀಳಬೇಕಿತ್ತು, ಈಗ ಮಂಗಗಳೇ ಸಾಕು. ಆ ಬಿರುಕಿನಿಂದ ಇಳಿದ ನೀರನ್ನು ರೀಪು ಸದ್ದಿಲ್ಲದೆ ಕುಡಿಯುತ್ತದೆ, ಕುಂಬಾಗುತ್ತದೆ, ಒರಲೆಗೆ ಆಮಂತ್ರಣ ಕೊಡುತ್ತದೆ. ರೀಪು ಬಾಗಿದರೆ ಇಡೀ ಸಾಲು ತಗ್ಗಿ, ಒಂದಕ್ಕೊಂದು ಕಚ್ಚಿಕೊಂಡಿದ್ದ ಹಂಚುಗಳು ಬಾಯಿ ಬಿಡುತ್ತವೆ. ನಾವು ಅಷ್ಟರಲ್ಲಿ ಬಾಲ್ದಿ, ಚೊಂಬು, ಕೊನೆಗೆ ಪಾಯಸದ ಪಾತ್ರೆಯನ್ನೂ ಹನಿಗೆ ಒಡ್ಡಿ, ‘ಬರುವ ವರ್ಷ ನೋಡುವ’ ಎಂದುಕೊಂಡಿರುತ್ತೇವೆ.

ನಮ್ಮೂರಿನ ಆಚಾರ್ರ ಪರೀಕ್ಷೆ ನೋಡುವಂಥದ್ದು. ಅಂಗಳದ ತುದಿಗೆ ಹೋಗಿ, ಒಂದು ಕಣ್ಣು ಮುಚ್ಚಿ, ಮಾಡಿನ ನೆತ್ತಿಯ ಸಾಲು ನೆಟ್ಟಗಿದೆಯೇ ಎಂದು ನೋಡುತ್ತಾರೆ. ಆಮೇಲೆ ಅಟ್ಟಕ್ಕೆ ಹತ್ತಿ, ಉಳಿಯ ಹಿಡಿಯಿಂದ ರೀಪನ್ನು ತಟ್ಟುತ್ತಾ ಹೋಗುತ್ತಾರೆ. ಠಣ್ ಎಂದರೆ ಮುಂದಿನದಕ್ಕೆ. ಡಬ್ ಎಂದು ಪುಡಿ ಉದುರಿದರೆ ಅಲ್ಲೊಂದು ಸುಣ್ಣದ ಗೆರೆ. ಗೆರೆಗಳು ಅಲ್ಲೊಂದು ಇಲ್ಲೊಂದಿದ್ದರೆ ತೇಪೆ ಸಾಕು. ಎಲ್ಲೆಲ್ಲೂ ಕಂಡರೆ ಹಂಚಿಳಿಸಬೇಕು. ‘ಹಂಚು ಮೊಮ್ಮಕ್ಕಳ ಕಾಲಕ್ಕೂ ಆಯ್ತು ಅಯ್ಯಾ, ರೀಪು ಈ ಆಷಾಢ ದಾಟಲ್ಲ’ ಎಂಬುದು ಅವರ ಕಳೆದ ವರ್ಷದ ತೀರ್ಪು.

ಕೆಲಸಕ್ಕೆ ಹದವಾದ ಕಾಲ ಅಡಿಕೆ ಕೊಯ್ಲು ಮುಗಿದಮೇಲಿನ ಬೇಸಿಗೆ. ಎಲ್ಲರಿಗೂ ನೆನಪಾಗುವುದು ಮೇ ತಿಂಗಳ ಮೊದಲ ಗುಡುಗಿಗೆ. ಆಗ ಆಚಾರ್ರು ಮದುಮಗನಷ್ಟೇ ದುರ್ಲಭ. ಅವರಿಗೂ ಮಂಡಿನೋವು, ಮಗ ಬೆಂಗಳೂರು ಸೇರಿದ್ದಾನೆ. ಹತ್ತುವವರಿಲ್ಲದ್ದಕ್ಕೇ ಊರೆಲ್ಲ ಶೀಟು ಏರುತ್ತಿದೆ ಎಂದು ನನ್ನ ಗುಮಾನಿ. ಶೀಟಿನ ಕೆಳಗೆ ಜಡಿಮಳೆಯಲ್ಲಿ ಗಂಡಹೆಂಡಿರು ಜಗಳವಾಡಿದರೂ ಒಬ್ಬರದು ಒಬ್ಬರಿಗೆ ಕೇಳುವುದಿಲ್ಲ. ಇದನ್ನು ಲಾಭಕ್ಕೆ ಬರೆಯಬೇಕೋ ನಷ್ಟಕ್ಕೋ ಇನ್ನೂ ತೀರ್ಮಾನವಾಗಿಲ್ಲ.

ನಾವು ರೀಪು ಬದಲಿಸಿ ಅದೇ ಹಂಚು ಹೊದಿಸಿದೆವು. ಮಿಕ್ಕಿದ್ದಕ್ಕೆ ರೆಸಾರ್ಟ್ ಕಟ್ಟುವವರೊಬ್ಬರು ಗಿರಾಕಿಯಾಗಿ ಬಂದರು. ಪಾಚಿ ಮಾತ್ರ ಉಜ್ಜಬೇಡಿ ಎಂದು ಎರಡೆರಡು ಸಲ ಹೇಳಿದರು. ತೊಳೆದುಕೊಟ್ಟರೆ ಹಂಚಿಗೆ ಎರಡು ರೂಪಾಯಿ ಕಡಿಮೆಯಂತೆ.