ಮಸಾಜರ್ ರಾಯರು

ಜಯನಗರದ ಪಾರ್ಕಿನಲ್ಲಿ ಬೆಳಗ್ಗೆ ವಾಕಿಂಗ್ ಬರುವ ರಾಯರನ್ನು ನೀವು ನೋಡಿರುತ್ತೀರಿ. ಅಲ್ಲಿ ನೋಡಿರದಿದ್ದರೆ ನಿಮ್ಮ ಬಡಾವಣೆಯ ಪಾರ್ಕಿನಲ್ಲೇ ಒಬ್ಬರಿರುತ್ತಾರೆ. ತಲೆಗೆ ಮಂಕಿ ಕ್ಯಾಪ್, ಕಾಲಿಗೆ ಕ್ಯಾನ್ವಾಸ್ ಶೂ. ಆಡಿಟ್ ಇಲಾಖೆಯಲ್ಲಿದ್ದು ರಿಟೈರ್ ಆಗುವ ತನಕ ಕಂಡವರ ಖರ್ಚಿಗೆಲ್ಲ ಆಕ್ಷೇಪಣೆ ಬರೆದ ಬಲಗೈ ಈಗ ಭುಜದ ಹತ್ತಿರ ಹಿಡಿದುಕೊಂಡಿದೆ. ಅದಕ್ಕೊಂದು ಮಸಾಜರ್ ಕೊಳ್ಳಬೇಕೆಂದು ಹೋದ ದೀಪಾವಳಿಯಿಂದ ವಿಚಾರಿಸುತ್ತಿದ್ದಾರೆ.

“ಬರೀ ನಡುಗೋದು ಬೇರೆ, ಗುದ್ದೋದು ಬೇರೆ ಸಾರ್” ಎಂದು ಶುರು ಮಾಡಿದರೆಂದರೆ ನಿಮ್ಮ ಎರಡು ಸುತ್ತು ಹೋಯಿತೆಂದೇ ಲೆಕ್ಕ. ನಡುಗುವಂಥದ್ದು ಚರ್ಮವನ್ನು ಮಾತಾಡಿಸಿಕೊಂಡು ಬರುತ್ತದಂತೆ. ಗುದ್ದುವ ‘ಗನ್’ ಮಾಂಸಖಂಡದವರೆಗೆ ಇಳಿಯುತ್ತದಂತೆ. ಅದರ ತಲೆ ಎಷ್ಟು ದೂರ ಹೋಗಿ ಬರುತ್ತದೆ ಎಂಬುದೇ ಮುಖ್ಯ, 10–12 ಮಿ.ಮೀ. ಇದ್ದರೆ ಚೆನ್ನ, ಥೆರಾಗನ್ ಎಂಬ ಬ್ರ್ಯಾಂಡಿನ ಕೆಲವು ಮಾದರಿಗಳದು 16. “ಮೂವತ್ತು ಸ್ಪೀಡ್ ಇದೆ ಅಂತಾರೆ, ಯಾರಿಗೆ ಬೇಕು? ಮೂರು ಸಾಕು. ಭುಜಕ್ಕೆ ಸ್ವಲ್ಪ ಒತ್ತಿದ ಕೂಡಲೇ ಮೋಟಾರು ನಿಂತುಹೋದ್ರೆ, ಉಳಿದ ಇಪ್ಪತ್ತೇಳು ಸ್ಪೀಡ್ ತೊಗೊಂಡು ಏನು ಮಾಡೋದು?”

ಈ ಗನ್ನಿನ ಇತಿಹಾಸವನ್ನೂ ಬಿಟ್ಟಿಲ್ಲ. ಅಮೆರಿಕದ ಜೇಸನ್ ವೆರ್ಸ್‌ಲ್ಯಾಂಡ್ ಎಂಬ ಕೈರೋಪ್ರ್ಯಾಕ್ಟರ್ 2007ರಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕಿ, ನೋವು ತಡೆಯಲಾರದೆ ಮರ ಕೊಯ್ಯುವ ಜಿಗ್‌ಸಾ ಯಂತ್ರವನ್ನೇ ಮಸಾಜಿಗೆ ಒಗ್ಗಿಸಿಕೊಂಡ ಕಥೆಯನ್ನು ಬಾಗಿಲು ರಿಪೇರಿಗೆ ಬಂದ ಬಡಗಿಗೂ ಹೇಳಿದರು. ಅವನು ಪೂರ್ತಿ ಕೇಳಿಸಿಕೊಂಡು, “ಬ್ಲೇಡ್ ತೆಗೆದಿದ್ರಾ ಸಾರ್?” ಎಂದ.

ಒಂದು ಭಾನುವಾರ ಅಂಗಡಿಗೆ ಹೊರಟಾಗ ನನ್ನನ್ನೂ ಎಳೆದುಕೊಂಡು ಹೋದರು. ಹುಡುಗ ಹುರುಪಿನಿಂದ, “ಇನ್‌ಫ್ರಾರೆಡ್ ಹೀಟ್ ಇದೆ ಸಾರ್” ಎಂದು ಕೆಂಪು ದೀಪ ಹೊತ್ತಿಸಿದ. ರಾಯರು ಅಂಗೈ ಅಡ್ಡ ಹಿಡಿದು ಎರಡು ನಿಮಿಷ ಕಾದರು. “ಬಿಸಿ ಎಲ್ಲಪ್ಪಾ? ಇದು ಗಣೇಶನ ಪೆಂಡಾಲಿನ ಸೀರಿಯಲ್ ಲೈಟು.” ಆಮೇಲೆ ಯಂತ್ರವನ್ನು ಬೆನ್ನ ಹಿಂದಕ್ಕೆ ಒಯ್ಯಲು ನೋಡಿದರು. ಅರ್ಧ ದಾರಿಯಲ್ಲಿ ಕೈ ನಿಂತಿತು, ಮುಖ ಕಿವುಚಿತು. “ಒಂದು ಕೆಜಿ ಮೇಲಿದೆ, ಹಿಡಿಯೂ ಮೋಟು. ಇದನ್ನ ಎತ್ತಿ ಬೆನ್ನಿಗೆ ಹಿಡಿಯೋ ಕೈ ಇದ್ದಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ?”

“ಮೇಡಂ ಹಿಡ್ಕೋತಾರೆ ಬಿಡಿ ಸಾರ್.”

ಅದುವರೆಗೆ ಮಿಕ್ಸಿಗಳನ್ನು ನೋಡುತ್ತಿದ್ದ ಅವರ ಮನೆಯವರು ತಿರುಗಿದರು. “ನಾನೇ ಹಿಡೀಬೇಕಾದ್ರೆ ಮಹಾನಾರಾಯಣ ತೈಲ ಸಾಲದೇನ್ರೀ?”

ಆ ಕಡತ ಅಲ್ಲಿಗೆ ಮುಚ್ಚಿತು. ಆದರೆ ಭುಜದ ಸೇವೆ ನಿಂತಿಲ್ಲ. ಅವರ ಮಾತು ಕೇಳಿ ಪಾರ್ಕಿನ ಅರ್ಧ ಜನ ಮಸಾಜರ್ ಕೊಂಡಿದ್ದಾರೆ, ಕೊಂಡವರೆಲ್ಲ ಡಬ್ಬಿಯನ್ನು ಮೊದಲು ರಾಯರಿಗೆ ತೋರಿಸುತ್ತಾರೆ. “ನಾಲ್ಕು ದಿನ ನೋಡಿ ಹೇಳ್ತೀನಿ” ಎಂದು ರಾಯರು ಒಯ್ಯುತ್ತಾರೆ. ವಾರದ ಮೇಲೆ ವರದಿ ಬರುತ್ತದೆ: ಹದಿನೈದು ನಿಮಿಷಕ್ಕೆ ತಾನೇ ಆಫ್ ಆಗುವುದು ದೋಷವಲ್ಲ, ಮೋಟಾರು ಕಾಯದಿರಲೆಂದು ಹಾಗೆ ಮಾಡಿರುತ್ತಾರೆ, ಒಂದು ಜಾಗಕ್ಕೆ ಒಂದೆರಡು ನಿಮಿಷ ಸಾಕು, ಮೂಳೆಯ ಮೇಲೆ, ಕತ್ತಿನ ಮುಂಭಾಗಕ್ಕೆ, ಉಬ್ಬಿದ ರಕ್ತನಾಳಕ್ಕೆ ಇಡಲೇಬಾರದು. ಇದರಲ್ಲಿ ಒಂದು ಮಾತೂ ಸುಳ್ಳಲ್ಲ, ಅದೇ ಕಷ್ಟ.

ನಮ್ಮ ಬ್ಯಾಂಕ್ ಮ್ಯಾನೇಜರರು ಹೊಸ ಗನ್ ತಂದಾಗ ರಾಯರು ಮೊದಲು ಕೇಳಿದ್ದು ಮಾತ್ರೆಗಳ ಪಟ್ಟಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಾರೆಂದು ತಿಳಿದದ್ದೇ ಹೌಹಾರಿದರು. “ಡಾಕ್ಟರನ್ನ ಕೇಳದೆ ಮುಟ್ಟಲೇಕೂಡದು! ಅಲ್ಲೀವರೆಗೂ ನನ್ನ ಹತ್ತಿರ ಇರಲಿ.” ಡಾಕ್ಟರು ಬೇಡವೆಂದರು. ಗನ್ ರಾಯರ ಮನೆಯಲ್ಲೇ ಇದೆ, ಚಾರ್ಜರ್ ಸಮೇತ.

ಆದ್ದರಿಂದ ಕೊಳ್ಳುವವರು ರಾಯರನ್ನು ಧಾರಾಳವಾಗಿ ಕೇಳಿ. ಡಬ್ಬಿಯನ್ನು ಮಾತ್ರ ಪಾರ್ಕಿಗೆ ತರಬೇಡಿ.