ಯುದ್ಧ ಎರಡು, ಹೇಡಿ ಒಂದು

ಬಿಳಿ ಬೆಕ್ಕಿನ ಮರಿ ಮನೆಗೆ ಬಂದ ದಿನವೇ ಮಗಳು ಅದಕ್ಕೆ ಹೆಡ್ವಿಗ್ ಎಂದು ಹೆಸರಿಟ್ಟಳು. ಹ್ಯಾರಿ ಪಾಟರನ ಬಿಳಿ ಗೂಬೆಯ ಹೆಸರಂತೆ. "ಮನೆಯೊಳಗಿನ ಹೆಣ್ಣುಮರಿಗೆ ಗೂಬೆಯ ಹೆಸರೇನೇ?" ಎಂದು ಅಮ್ಮ ಮುಖ ಸಿಂಡರಿಸಿದರು. ಅವರ ಬಾಯಲ್ಲಿ ಅದು ಸಂಜೆಯೊಳಗೆ 'ಹೆಡಿಗೆ' ಆಗಿತ್ತು.

ಹೆಸರಿನ ಅರ್ಥ ಕೆದಕುವ ಚಟ ನನಗೆ. ಹೆಡ್ವಿಗ್ ಎರಡು ತುಂಡಿನ ಹಳೆಯ ಜರ್ಮನ್ ಹೆಸರು. 'ಹದು' ಎಂದರೆ ಯುದ್ಧ. 'ವಿಗ್' ಎಂದರೆ? ಅದೂ ಯುದ್ಧವೇ! ನಾವು 'ನಡುಮಧ್ಯೆ', 'ಗೇಟುಬಾಗಿಲು' ಅನ್ನುವುದಿಲ್ಲವೇ, ಹಾಗೆ. ಆ ಕಾಲದವರು ಒಟ್ಟು ಅರ್ಥದ ಗೊಡವೆಗೆ ಹೋಗುತ್ತಿರಲಿಲ್ಲ. ಎಷ್ಟೋ ಸಲ ಹಿರಿಯರ ಹೆಸರುಗಳಿಂದ ಒಂದೊಂದು ಚೂರು ಕಿತ್ತು ಜೋಡಿಸಿಬಿಡುತ್ತಿದ್ದರು. ಅಪ್ಪನ ಮೊದಲಕ್ಷರಕ್ಕೆ ಅಮ್ಮನ ಕೊನೆಯಕ್ಷರ ಅಂಟಿಸಿ ಕೂಸಿಗೆ ಹೆಸರಿಡುವ ನಾವು ನಗುವ ಹಾಗಿಲ್ಲ. ಗೆರ್ಟ್ರೂಡ್ ಎಂದರೆ ಈಟಿ ಮತ್ತು ಬಲ, ಮಟಿಲ್ಡಾ ಎಂದರೆ ಬಲ ಮತ್ತು ಯುದ್ಧ. ತೊಟ್ಟಿಲಲ್ಲೇ ಆಯುಧಪೂಜೆ!

ಹೆಸರು ಹೊತ್ತವರೆಲ್ಲ ಕತ್ತಿ ಹಿಡಿದರೆಂದಲ್ಲ. ಸೈಲೀಷಿಯಾದ ಡ್ಯೂಕನ ಹೆಂಡತಿ, ಸಾಧ್ವಿ ಹೆಡ್ವಿಗ್ (1174–1243) ಹಿಮದಲ್ಲೂ ಬರಿಗಾಲಲ್ಲೇ ಓಡಾಡುತ್ತಿದ್ದರಂತೆ. ಪಾದರಕ್ಷೆ ಬಿಟ್ಟು ಹೊರಗೆ ಹೋಗಕೂಡದು ಎಂದು ಗುರುಗಳ ಅಪ್ಪಣೆಯಾಯಿತು. ಸರಿ, ಬಿಡಲಿಲ್ಲ; ಕಂಕುಳಲ್ಲಿ ಇಟ್ಟುಕೊಂಡು ನಡೆದರು ಎಂದು ಕತೆ. 1353ರ ಚಿತ್ರಗ್ರಂಥದಲ್ಲೂ ಅವರ ಪಾದರಕ್ಷೆ ಕಾಲಲ್ಲಿಲ್ಲ, ತೋಳಿನಲ್ಲಿದೆ. ಮದುವೆಮನೆಗಳಲ್ಲಿ ಎರಡು ಜೊತೆ ಚಪ್ಪಲಿ ಕಳೆದುಕೊಂಡ ನನಗೆ ಇವರಿಗಿಂತ ವ್ಯವಹಾರಜ್ಞ ಸಂತರು ಗೊತ್ತಿಲ್ಲ.

ಹೆಸರಿಗೆ ತಕ್ಕವಳು ಎಂದರೆ 1914ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಹೆಡ್ವಿಗ್ ಕೀಸ್ಲರ್. ಹಾಲಿವುಡ್ಡಿನ ತಾರೆ. ಟಾರ್ಪೆಡೊಗೆ ಕಳಿಸುವ ರೇಡಿಯೊ ಸಂಕೇತವನ್ನು ಶತ್ರು ಕೆಡಿಸದಂತೆ, ಅದು ಕಂಪನಾಂಕದಿಂದ ಕಂಪನಾಂಕಕ್ಕೆ ಜಿಗಿಯುತ್ತಲೇ ಇರುವ ಉಪಾಯ ಹೂಡಿ, ಸಂಗೀತಗಾರ ಜಾರ್ಜ್ ಆಂಟೈಲ್ ಜೊತೆ 1942ರಲ್ಲಿ ಪೇಟೆಂಟ್ ಪಡೆದಳು. ಲೋಕ ಅವಳನ್ನು ಬಲ್ಲದ್ದು ಹೆಡಿ ಲಮಾರ್ ಎಂದು. ಹೆಡ್ವಿಗ್‌ಗೆ ಮುದ್ದಿನ ಹೆಸರು ಹೆಡಿ. ಜರ್ಮನರು ಅದನ್ನು ಎಳೆದು ಕರೆದರೆ ಸಾಕ್ಷಾತ್ 'ಹೇಡಿ'! ಎರಡೆರಡು ಯುದ್ಧ ಕೂಡಿಸಿ ಕೊನೆಗೆ ಬಂದ ಮೊತ್ತ ಇದು.

ಇದನ್ನು ಮನೆಯಲ್ಲಿ ಹೇಳಬಾರದಿತ್ತು. ಅಷ್ಟರಲ್ಲೇ ಕುಕ್ಕರ್ ಕೂಗಿತು. ಬೆಕ್ಕು ಬಾಲ ಉಬ್ಬಿಸಿಕೊಂಡು ಮಂಚದಡಿ ಸೇರಿತು.

"ಈಗ ಹೆಸರು ಒಪ್ಪಿತು ಕಣೋ," ಎಂದು ಅಮ್ಮ ಹಾಲಿನ ಬಟ್ಟಲು ಹಿಡಿದು ಬಗ್ಗಿದರು. "ಬಾರೇ ಹೇಡಿ, ಇನ್ನೆರಡೇ ಕೂಗು."