ಇಲ್ಲದ ಕಾರ್ಡಿನ ಸಹವಾಸ

ಮಾವನವರ ಆತ್ಮಕಥೆ ಇದ್ದದ್ದು ಹಳೆಯ ನುಡಿ ತಂತ್ರಾಂಶದ ಅಕ್ಷರಗಳಲ್ಲಿ. ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಬರೀ ಪೌಂಡು ಚಿಹ್ನೆ, ನೆತ್ತಿಯ ಮೇಲೆ ಗೀಟು ಹೊತ್ತ ಎ. ಅವರ ಬಾಲ್ಯವೆಲ್ಲ ಯಾವುದೋ ಫ್ರೆಂಚ್ ಸಾಲಪತ್ರದ ಹಾಗೆ ಕಾಣುತ್ತಿತ್ತು. ಪರಿವರ್ತಕಕ್ಕೆ ಕೊಟ್ಟೆ, ಒತ್ತಕ್ಷರಗಳು ಮನೆ ಬಿಟ್ಟು ಓಡಿಹೋದವು. ಕೊನೆಗೆ ನನ್ನ ಲಿನಕ್ಸಿನ ಹೊಟ್ಟೆಯೊಳಗೆ, ಯಂತ್ರದೊಳಗೆ ಯಂತ್ರ ಸೃಷ್ಟಿಸುವ ಕ್ಯೂಎಮು ಹಾಕಿ, ಅದರೊಳಗೊಂದು ಆ ಕಾಲದ ವಿಂಡೋಸ್ ಎಕ್ಸ್‌ಪಿ ಎಬ್ಬಿಸಿಯೇ ಬಿಡೋಣವೆಂದು ಕೂತೆ.

ಈ ಲೋಕದಲ್ಲಿ ಹೊರಗಿನ ಯಂತ್ರ ಹೋಸ್ಟ್, ಒಳಗಿನದು ಗೆಸ್ಟ್. ತಾನು ಅತಿಥಿ ಎಂಬುದು ಮಾತ್ರ ಗೆಸ್ಟ್ ಮಹಾಶಯನಿಗೆ ಗೊತ್ತಿರುವುದಿಲ್ಲ. ಮನೆ ತನ್ನದೇ ಅಂದುಕೊಂಡಿರುತ್ತಾನೆ. (ನೆಂಟರಲ್ಲೂ ಇಂಥವರಿದ್ದಾರೆ, ಹೆಸರು ಬೇಡ.) ಕಣ್ಣು ಬಿಟ್ಟೊಡನೆ ವಿಡಿಯೊ ಕಾರ್ಡ್ ಹುಡುಕುತ್ತಾನೆ. ಇಲ್ಲದ ಕಾರ್ಡನ್ನು ಇದೆಯೆಂದು ನಂಬಿಸಬೇಕು. ಯಾವ ಸುಳ್ಳು ಹೇಳಬೇಕೆಂದು ಆರಿಸಿಕೊಳ್ಳುವುದು ನಮ್ಮ ಕೆಲಸ.

ಹೊಸದೇ ಒಳ್ಳೆಯದೆಂದು ವರ್ಟಿಯೊ ಎಂಬ ಕಾರ್ಡ್ ಕೊಟ್ಟೆ. ಅದು ಸತ್ಯವಂತ ಜಾತಿ, ತಾನು ನಿಜವಾದ ಕಾರ್ಡಲ್ಲ ಎಂದು ಒಪ್ಪಿಕೊಂಡೇ ಒಳಗೆ ಬರುತ್ತದೆ. 2001ರ ಎಕ್ಸ್‌ಪಿಗೆ ಆ ಭಾಷೆಯೇ ಬಾರದು. 640×480ರಲ್ಲಿ, ಹದಿನಾರೇ ಬಣ್ಣಗಳಲ್ಲಿ ಮುಖ ಊದಿಸಿಕೊಂಡು ಕೂತಿತು. ನೆನಪಿನ ಶಕ್ತಿ ಸಾಲದೇನೋ ಎಂದು ವಿಡಿಯೊ ಮೆಮರಿಯನ್ನು 16 ಎಂಬಿಯಿಂದ 64ಕ್ಕೆ, 64ರಿಂದ 128ಕ್ಕೆ ಏರಿಸಿದೆ. ಆಮೇಲೆ ಲೆಕ್ಕ ಹಾಕಿದರೆ, ಪರದೆಯ 1920ನ್ನು 1080ರಿಂದ ಗುಣಿಸಿ, ಚುಕ್ಕಿಗೆ ನಾಲ್ಕು ಬೈಟ್ ಹಿಡಿದರೂ 83 ಲಕ್ಷ ಬೈಟ್ ದಾಟದು. 16 ಎಂಬಿಯಲ್ಲಿ ಅರ್ಧ. ಹಸಿವಿಲ್ಲದವನ ಮುಂದೆ ಎಲೆ ದೊಡ್ಡದು ಮಾಡುತ್ತಿದ್ದೆ.

ರಾತ್ರಿ ಒಂದಕ್ಕೆ ಹೆಂಡತಿ ಬಂದು, "ಏನಾಗಿದೆ?" ಎಂದಳು.

"ವಿಡಿಯೊ ಕಾರ್ಡ್ ಸರಿಯಿಲ್ಲ."

"ಎಲ್ಲಿದೆ ಅದು?"

"ಇಲ್ಲ."

ಅವಳು ದೀಪ ಆರಿಸಿ ಹೋದಳು.

ಉಳಿದಿದ್ದು ಸಿರಸ್. ತೊಂಬತ್ತರ ದಶಕದ ಜಿಡಿ5446 ಎಂಬ ನಿಜವಾದ ಕಾರ್ಡಿನ ವೇಷಧಾರಿ. ಕ್ಯೂಎಮುವಿನಲ್ಲಿ ಬಹುಕಾಲ ಏನೂ ಕೇಳದಿದ್ದರೆ ಇದನ್ನೇ ಬಡಿಸುತ್ತಿದ್ದರು; 2014ರಲ್ಲಿ 2.2ನೇ ಆವೃತ್ತಿ ಬಂದಾಗ ಪಂಕ್ತಿಯಿಂದ ಎಬ್ಬಿಸಿ ಆ ಜಾಗ ಸ್ಟ್ಯಾಂಡರ್ಡ್ ವಿಜಿಎಗೆ ಕೊಟ್ಟರು. ತಿಳಿದವರು ಈಗ ಸಿರಸ್ ಹೆಸರು ಎತ್ತಿದರೆ ಮೂಗು ಮುರಿಯುತ್ತಾರೆ. ನಾನೂ ಮುರಿದಿದ್ದೆ. ಸಂರಚನೆಯ ಕಡತದಲ್ಲಿ ಬದಲಾಯಿಸಿದ್ದು ಒಂದೇ ಒಂದು ಪದ. ಎಕ್ಸ್‌ಪಿ ಮೆಜೆಸ್ಟಿಕ್ಕಿನ ಜಂಗುಳಿಯಲ್ಲಿ ತನ್ನೂರಿನವನನ್ನು ಕಂಡ ಹಾಗೆ ಅರಳಿತು! ಚಾಲಕ ತಂತ್ರಾಂಶ ಅದರ ಜೋಳಿಗೆಯಲ್ಲೇ ಇತ್ತು. 1024×768, ಹಸಿರು ಗುಡ್ಡ, ನೀಲಿ ಆಕಾಶ.

ಬೆಳಿಗ್ಗೆ ಮಾವನವರನ್ನು ಕೂರಿಸಿ ಕಡತ ತೆರೆದೆ. ಒತ್ತಕ್ಷರಗಳೆಲ್ಲ ಊರಿಗೆ ಮರಳಿದ್ದವು. ಅವರು ಕನ್ನಡಕ ಏರಿಸಿ ಓದುತ್ತ ಓದುತ್ತ ನಾಲ್ಕನೇ ಪುಟಕ್ಕೆ ನಿಂತರು. ಉಪನಯನದ ನಡುವೆಯೇ ಕಥೆ ಮುಗಿದಿತ್ತು.

"ಮುಂದಿನದು ಫ್ಲಾಪಿಯಲ್ಲಿದೆ" ಎಂದರು. "ಇದರಲ್ಲಿ ಫ್ಲಾಪಿ ಡ್ರೈವ್ ಇದೆಯೇನಯ್ಯ?"

"ಇದೆ ಮಾವ" ಎಂದೆ. "ಅದೂ ಇಲ್ಲ."